ಚಿತ್ರದ ಅಂಚಿನಲ್ಲಿ ನಿಂತವನು

ಸೆಲ್ಫಿ ಅಂದ್ರೆ ನಮಗೀಗ ಕೈ ಚಾಚು, ಬೆರಳು ಒತ್ತು, ಮುಗೀತು. ಮ್ಯಾನ್ಯುಯಲ್ ಕ್ಯಾಮೆರಾದಲ್ಲಿ ಹಾಗಾಗಲ್ಲ. ಪಾಂಡವಪುರದ ಕುಂತಿಬೆಟ್ಟಕ್ಕೆ ಹೋದ್ರೆ ನಾನು ಮೊದಲು ಟ್ರೈಪಾಡ್ ಊರ್ತೀನಿ. ಆಮೇಲೆ ನಾನು ನಿಲ್ಲಬೇಕಾದ ಜಾಗದಲ್ಲಿ ಬ್ಯಾಗ್ ಇಟ್ಟು ಅದಕ್ಕೆ ಫೋಕಸ್ ಮಾಡ್ತೀನಿ. ಚುರುಕು ಬಿಸಿಲು, 100ರ ಫಿಲ್ಮ್ ಆದ್ರೆ ಅಪರ್ಚರ್ ಎಫ್ 16, ಶಟರ್ 1/125. ಇದು ಹಳಬರ ಲೆಕ್ಕ, ಮೀಟರ್ ಬೇಕಿಲ್ಲ. ಟೈಮರ್ ತಿರುಗಿಸಿದ್ರೆ ಸುಮಾರು 10 ಸೆಕೆಂಡ್ ಗರ್ರ್ ಅಂತ ಸದ್ದು. ಅಷ್ಟರಲ್ಲಿ ಓಡಿಹೋಗಿ, ಬ್ಯಾಗ್ ಎತ್ತಿ ನಿಲ್ಲಬೇಕು.

ಪ್ರತಿ ಜಾಗಕ್ಕೂ ಅದರದೇ ತಕರಾರು. ಕೆ.ಆರ್. ಪೇಟೆ ತಾಲ್ಲೂಕಿನ ಹೊಸಹೊಳಲು ದೇವಸ್ಥಾನದಲ್ಲಿ ಗೋಡೆಯ ಮೂಲೆಮೂಲೆಗೂ ನೆರಳು. ಬೆಳಕಿನ ಲೆಕ್ಕ ಮುಖಕ್ಕೆ ಹಿಡೀಬೇಕೋ, ಕಲ್ಲಿಗೋ? ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯಲ್ಲಿ ಇಡೀ ಕಂಬ ಬರಬೇಕಂದ್ರೆ ಕ್ಯಾಮೆರಾ ತುಂಬಾ ಹಿಂದೆ ಹೋಗಬೇಕು. ಕಂಬದ ಹತ್ತಿರಕ್ಕೆ ಓಡಿದ್ರೆ ಸಿಗೋದು ನಿಮ್ಮ ಬೆನ್ನು ಮಾತ್ರ.

ಈ ಓಟ ಹೊಸದೇನಲ್ಲ. 1839ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ರಾಬರ್ಟ್ ಕಾರ್ನೇಲಿಯಸ್ ಅನ್ನೋ ದೀಪದ ವ್ಯಾಪಾರಿ, ಬಯಲಿನ ಬೆಳಕಲ್ಲಿ ಕ್ಯಾಮೆರಾ ಇಟ್ಟು, ಲೆನ್ಸಿನ ಮುಚ್ಚಳ ತೆಗೆದು, ತಾನೇ ಎದುರು ಬಂದು ಅಲ್ಲಾಡದೆ ನಿಂತ. ಆಗ ಒಂದು ಚಿತ್ರ ಮೂಡೋಕೆ ನಿಮಿಷಗಟ್ಟಲೆ ಬೇಕಿತ್ತು. ಹಾಗಾಗಿ ಅವನು ಬಂದದ್ದು ಅದರಲ್ಲಿ ಕಾಣೋದೇ ಇಲ್ಲ. ನಮ್ಮ ದೇಶದಲ್ಲಿ 1880ರ ಸುಮಾರಿಗೆ ತ್ರಿಪುರಾದ ಮಹಾರಾಜ ಬೀರಚಂದ್ರ ಮಾಣಿಕ್ಯ, ರಾಣಿ ಮನಮೋಹಿನಿ ಜೊತೆ ಕೂತು ಉದ್ದದ ತಂತಿ ಎಳೆದು ಫೋಟೊ ತೆಗೆದುಕೊಂಡ.

ಆದ್ರೆ ನನ್ನನ್ನು ಬಿಡದೆ ಕಾಡೋದು ಕ್ಯಾಮೆರಾ ಹುಟ್ಟೋಕೂ ಮುಂಚಿನ, ಶ್ರೀರಂಗಪಟ್ಟಣದ ಒಂದು ಚಿತ್ರ.

1792ರ ಫೆಬ್ರವರಿ. ಯುದ್ಧದಲ್ಲಿ ಸೋತ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಡಬೇಕು, 3 ಕೋಟಿ 30 ಲಕ್ಷ ರೂಪಾಯಿ ಕಟ್ಟಬೇಕು. ಅದಕ್ಕೆ ಒತ್ತೆಯಾಗಿ ಇಬ್ಬರು ಗಂಡುಮಕ್ಕಳು, ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನ್, ಕೋಟೆಯಿಂದ ಹೊರಬಂದು ಕಾರ್ನ್‌ವಾಲಿಸ್‌ನ ಶಿಬಿರಕ್ಕೆ ಹೋದರು. ಮ್ಯಾಥರ್ ಬ್ರೌನ್ ಥರದವರು ಇಂಡಿಯಾಗೆ ಕಾಲೇ ಇಡದೆ ಲಂಡನ್ನಲ್ಲಿ ಕೂತು ಈ ದೃಶ್ಯ ಬರೆದು ಹೆಸರು ಮಾಡಿದರು. ಸೈನ್ಯದ ಜೊತೆಗೇ ಬಂದಿದ್ದ ರಾಬರ್ಟ್ ಹೋಮ್ ಅನ್ನೋ ಚಿತ್ರಕಾರನೂ ಬರೆದ. ಈಗ ಅದು ಲಂಡನ್ನಿನ ನ್ಯಾಷನಲ್ ಆರ್ಮಿ ಮ್ಯೂಸಿಯಂನಲ್ಲಿದೆ. ಡೇರೆ, ಆನೆ, ಅಧಿಕಾರಿಗಳ ಗುಂಪು. ಎಡಗಡೆ ಕೊಟ್ಟಕೊನೆಯಲ್ಲಿ ಚಿತ್ರದ ಹಾಳೆಗಳ ಕಟ್ಟು ಹಿಡಿದು ಒಬ್ಬ ನಿಂತಿದ್ದಾನೆ ನೋಡಿ, ಅವನೇ ಹೋಮ್!

ನನಗನ್ನಿಸೋದು, ಅದು ಸಾಕ್ಷಿಯ ಸಹಿ. "ಬೇರೆಯವರು ಕೇಳಿ ಬರೆದರು, ನಾನು ಇಲ್ಲೇ ಇದ್ದೆ" ಅಂತ. ಗೆದ್ದವರ ಪಕ್ಷದ ಸಾಕ್ಷಿ ಅನ್ನೋದನ್ನೂ ಮರೆಯೋ ಹಾಗಿಲ್ಲ. ತಾನು ಎಲ್ಲಿ ನಿಲ್ಲಬೇಕು ಅಂತ ಹೋಮ್ ತಾನೇ ತೀರ್ಮಾನಿಸಿದ. ನಡುವೆ ಇರೋ ಆ ಎಳೆಯ ಮಕ್ಕಳನ್ನ ಯಾರೂ ಕೇಳಲಿಲ್ಲ.

ಮಕ್ಕಳು ಅಪ್ಪನ ಹತ್ತಿರ ವಾಪಸ್ ಬಂದದ್ದು 1794ರಲ್ಲಿ. ಹೋಮ್ ಬರೆದ ಮೈಸೂರು ಸೀಮೆಯ ಚಿತ್ರಗಳು ಲಂಡನ್ನಿನಲ್ಲಿ ಪುಸ್ತಕವಾಗಿ ಅಚ್ಚಾದದ್ದೂ ಅದೇ ವರ್ಷ.