ಬೀಜದ ಹಣ್ಣಿನ ಮೂರು ಹೊತ್ತು

ಕಳುದ ವಿಷುವಿಂಗೆ ತಂಗೆಯ ಮಗ° ಗೋವೆಂದ ಬಂದಿತ್ತಿದ್ದ°. ಉದಿಯಪ್ಪಗ ಎನ್ನೊಟ್ಟಿಂಗೆ ಗುಡ್ಡೆಗೂ ಬಂದ°. ಎಂಗೊ ಯಾವಾಗಳೂ ಮಾಡುವ ಹಾಂಗೆ ಗೇರುಬೀಜ ಹೆರ್ಕಿ, ಬೀಜವ ತಿರ್ಪಿ ಹೆಡಗೆಗೆ ಹಾಕಿ, ಹಣ್ಣಿನ ಅಲ್ಲೇ ಮರದ ಬುಡಕ್ಕೆ ಇಡ್ಕಿಗೊಂಡು ಇತ್ತಿದ್ದೆಯೊ°. ಮಾಣಿಗೆ ತಡೆಯ.

"ಮಾವ°, ನಿಂಗೊ ಇಡ್ಕುದರ ಗೋವೆಲಿ ಉದಿಯಪ್ಪಗ ಒಂದು ಹೆಸರಿಲಿ, ಮಜ್ಜಾನಕ್ಕೆ ಒಂದು ಹೆಸರಿಲಿ, ಇರುಳಿಂಗೆ ಮತ್ತೊಂದು ಹೆಸರಿಲಿ ಕುಡಿತ್ತವು. ಹಣ್ಣು ಒಂದೇ!"

ಆ ಮಾತು ತಲೆಲಿ ಕೂದತ್ತು. ಮತ್ತೆ ಓದಿದೆ, ಅವನ ಹತ್ತರೆ ಕೇಳಿದೆ. ಗೊಂತಾದ್ದರ ಇಲ್ಲಿ ಬರೆತ್ತಾ ಇದ್ದೆ.

ಗೇರುಮರ ನಮ್ಮ ಗುಡ್ಡೆದೇ ಹೇಳಿ ನಾವು ಗ್ರೇಶುತ್ತು. ಅಲ್ಲ. ಇದರ ಅಪ್ಪನಮನೆ ಬ್ರೆಜಿಲ್. ಅಲ್ಯಾಣ ತುಪಿ ಜೆನಂಗೊ ಇದಕ್ಕೆ 'ಅಕಾಜು' ಹೇಳಿಗೊಂಡಿತ್ತಿದ್ದವು. ಪೋರ್ಚುಗೀಸರ ಬಾಯಿಲಿ ಅದು 'ಕಾಜು' ಆತು. 1550ರ ದಶಕಲ್ಲಿ ಅಲ್ಲಿಗೆ ಹೋದ ಆಂಡ್ರೆ ಥೆವೆ ಹೇಳುವ ಫ್ರೆಂಚ್ ಪಾದ್ರಿ, ಜೆನಂಗೊ ಈ ಹಣ್ಣಿನ ಕೊಯ್ದು ಹಿಂಡುವ ಚಿತ್ರವನ್ನೇ ತನ್ನ ಪುಸ್ತಕಲ್ಲಿ ಹಾಕ್ಸಿದ್ದ°. ಅಲ್ಲಿ ರಸವ ಹುಳಿಬರ್ಸಿ ಕುಡಿವ ಕ್ರಮವೂ ಇತ್ತು. ಪೋರ್ಚುಗೀಸರು 16ನೇ ಶತಮಾನಲ್ಲಿ ಅದರ ನಮ್ಮ ಕರಾವಳಿಗೆ ತಂದವು. ಕ್ರಿಸ್ಟೋವಾವೊ ಡ ಕೋಸ್ಟ ಹೇಳುವ ವೈದ್ಯ° 1578ರಲ್ಲಿ ಅಚ್ಚಾದ ಪುಸ್ತಕಲ್ಲಿ ಕೊಚ್ಚಿಯ ಗೇರುಮರದ ಸುದ್ದಿ ಬರದ್ದ°. ಮಲೆಯಾಳಲ್ಲಿ ಇದಕ್ಕೆ 'ಪರಂಗಿಮಾವು' ಹೇಳಿಯೂ ಹೇಳ್ತವು, ಹೇಳಿರೆ ಪರಂಗಿಯವರ ಮಾವು. ಆರು ತಂದದು ಹೇಳಿ ಹೆಸರೇ ಹೇಳ್ತು.

ಗೋವೆಲಿ ಹಣ್ಣು ಬಪ್ಪಂದ ಮದಲೇ ತೆಂಗಿನ ಕಳ್ಳಿನ ಭಟ್ಟಿ ಇಳಿಶುವ ವಿದ್ಯೆ ಇತ್ತು. ಹಳೆ ವಿದ್ಯೆಗೆ ಹೊಸ ಹಣ್ಣು ಸಿಕ್ಕಿತ್ತು, ಅಷ್ಟೆ. ಮಾರ್ಚಿಂದ ಮೇ ವರೆಗೆ ಅದರ ಕಾಲ. ತಾನಾಗಿ ನೆಲಕ್ಕೆ ಬಿದ್ದ ಹಣ್ಣೇ ಆಯೆಕ್ಕು. ಅದರ ಹೆರ್ಕಿ, ಮದಲಾದರೆ ಮುರಕಲ್ಲಿನ ತೊಟ್ಟಿಗೆ ಹಾಕಿ ಕಾಲಿಲಿ ಮೆಟ್ಟುಗು. ಆ ತೊಟ್ಟಿಗೆ 'ಕೊಳಂಬಿ' ಹೇಳಿ ಹೆಸರು. ಮೆಟ್ಟಿದ ಚೆಂಡಿಯ ಮುದ್ದೆ ಕಟ್ಟಿ, ಮೇಗೆ ಕಲ್ಲು ಹೇರಿ ಮಡುಗಿರೆ ತೊಟ್ಟು ತೊಟ್ಟಾಗಿ ತಿಳಿ ರಸ ಇಳಿತ್ತು. ಇದುವೇ 'ನೀರೊ'. ಉದಿಯಪ್ಪಗಾಣದ್ದು. ಇದರಲ್ಲಿ ಅಮಲು ಇಲ್ಲೆ, ಮಕ್ಕೊಗೂ ಕೊಡ್ತವು. ಆದರೆ ಹೊತ್ತು ಏರಿದ ಹಾಂಗೆ ಅದು ಹುಳಿಬತ್ತು, ಹಾಂಗಾಗಿ ಬೇಗ ಕುಡುದು ಮುಗುಶೆಕ್ಕು.

ಮೆಟ್ಟಿ ತೆಗದ ರಸವ ಎರಡು ಮೂರು ದಿನ ಹುಳಿಬಪ್ಪಲೆ ಬಿಟ್ಟು ಒಂದರಿ ಭಟ್ಟಿ ಇಳಿಶಿರೆ 'ಉರಾಕ್'. ಸುಮಾರು ಶೇಕಡಾ 15 ಅಮಲು. ಇದು ಬೇಸಗೆಯ ಮಜ್ಜಾನದ್ದು. ಲಿಮ್ಕಾ, ನಿಂಬೆಹುಳಿ, ಉಪ್ಪು, ಸಿಗುದ ಹಸಿಮೆಣಸು, ಎಲ್ಲವನ್ನೂ ಒಂದೇ ಗ್ಲಾಸಿಂಗೆ ಹಾಕುದು. ಮೆಣಸುದೇ ಅಮೆರಿಕಂದ ಪೋರ್ಚುಗೀಸರೊಟ್ಟಿಂಗೆ ಬಂದದೇ. ಸಮುದ್ರ ದಾಂಟಿ ಬಂದ ಇಬ್ರು ನೆಂಟ್ರು ಗ್ಲಾಸಿಲಿ ಪುನಃ ಸೇರುತ್ತವು. ಉರಾಕಿನ ಮಡುಗುಲೆಡಿಯ, ಆಯಾ ವರ್ಷಕ್ಕೆ ಮುಗುತ್ತು. ಉರಾಕಿಂಗೆ ರಸ ಸೇರ್ಸಿ ಇನ್ನೊಂದರಿ ಇಳಿಶಿರೆ 'ಫೆಣಿ'. ಅಮಲು ಶೇಕಡಾ 40ರಿಂದ ಮೇಲೆ. ಇದು ಇರುಳಿಂಗೆ, ಕಪಾಟಿಲಿ ವರ್ಷಗಟ್ಟಲೆ ಕೂರ್ತು. 2009ರಲ್ಲಿ ಗೋವೆಯ ಗೇರು ಫೆಣಿಗೆ ಭೌಗೋಳಿಕ ಗುರುತು ಸಿಕ್ಕಿತ್ತು.

ನಮ್ಮಲ್ಲಿ ಎಂತಾತು? 1920ರ ದಶಕಂದ ಗೇರುಬೀಜದ ತಿರುಳು ಅಮೆರಿಕಕ್ಕೆ ಹಡಗು ಹತ್ತುಲೆ ಸುರುವಾತು, ಮಂಗ್ಳೂರಿಲಿ ಕಾರ್ಖಾನೆಗೊ ಬಂತು. ಬೀಜಕ್ಕೆ ಕ್ರಯ ಬಂತು, ಹಣ್ಣಿಂಗೆ ಬಯಿಲ್ಲೆ. ಬೀಜಂದ ಹಲವು ಪಟ್ಟು ತೂಕದ ಹಣ್ಣು, ಕಿತ್ಳೆಂದಲೂ ಹೆಚ್ಚು ಸಿ ವಿಟಮಿನ್ ಇಪ್ಪದು, ಗುಡ್ಡೆಲಿ ಕೊಳೆತ್ತು.

ಇದರ ಅಬ್ಬೆಯ ಹತ್ತರೆ ಹೇಳಿದೆ. ಅಬ್ಬೆ ರಜ್ಜ ಹೊತ್ತು ಮಾತಾಡಿದ್ದಿಲ್ಲೆ. ಮತ್ತೆ ಹೇಳಿತ್ತು: "ಎನ್ನ ಸಣ್ಣಾದಿಪ್ಪಗ ಅಜ್ಜಿ ಬೀಜದ ಹಣ್ಣಿನ ಶರಬತ್ತು ಮಾಡಿಗೊಂಡಿತ್ತು. ಗಂಜಿತೆಳಿ ಹಾಕಿರೆ ಚೊಗರು ಹೋವುತ್ತು. ಒಂದು ವರ್ಷ ಆರೋ ನಮ್ಮ ಗುಡ್ಡೆಯ ಹಣ್ಣಿನ ಕೊಂಡೋಗಿ ಕಾಸಿದವು, ಪೋಲೀಸು ಜಾಲಿಂಗೆ ಬಂದವು. ಆ ಮರ್ಯಾದಿಗೆ ಹೆದರಿ ಅಜ್ಜ° ಹಣ್ಣು ಮನೆಗೆ ತಪ್ಪಲಾಗ ಹೇಳಿದವು. ಅಜ್ಜಿ ಮತ್ತೆ ಮಾಡಿದ್ದಿಲ್ಲೆ."

ಎನಗೆ ಅಷ್ಟು ವರ್ಷ ಈ ಶುದ್ದಿಯೇ ಗೊಂತಿಲ್ಲೆ. ಇರುಳಿಂದರ ಹೆದರಿಕೆಗೆ ಉದಿಯಪ್ಪಗಾಣದ್ದರನ್ನೂ ಎಂಗಳ ಮನೆಯವು ಇಡ್ಕಿತ್ತಿದ್ದವು. ಎನ್ನ ಮಕ್ಕೊ ಅದರ ರುಚಿಯೇ ನೋಡಿದ್ದವಿಲ್ಲೆ.

ಮರದಿನ ಬೆಣ್ಚಿ ಅಪ್ಪಂದ ಮದಲೇ ಆನುದೇ ಮಾಣಿದೇ ಒಂದು ಹೆಡಗೆ ಹಣ್ಣು ತಂದೆಯೊ°. ತೊಳದು, ಜಜ್ಜಿ, ವಸ್ತ್ರಲ್ಲಿ ಹಿಂಡಿ, ಗಂಜಿತೆಳಿ ಸೇರ್ಸಿ ಮಡುಗಿದೆಯೊ°. ಚೊಗರೆಲ್ಲ ಅಡಿಲಿ ಕೂದತ್ತು. ಮೇಗಾಣ ತಿಳಿಗೆ ಬೆಲ್ಲ, ಚಿಟಿಕೆ ಉಪ್ಪು, ಗೆಣಮೆಣಸಿನ ಹೊಡಿ ಹಾಕಿದೆಯೊ°. ಮಕ್ಕೊ ಎರಡೆರಡು ಗ್ಲಾಸು ಕುಡುದವು. ಅಬ್ಬೆ ಅರ್ಧ ಗ್ಲಾಸು ಕುಡುದು, ಒಳುದರ್ಧವ ಕೈಲಿ ಹಿಡ್ಕೊಂಡು ಜೆಗಿಲಿಲಿ ತುಂಬ ಹೊತ್ತು ಕೂದತ್ತು.

ಮಜ್ಜಾನಪ್ಪಗ ಪಾತ್ರಲ್ಲಿ ಒಳುದ್ದರಲ್ಲಿ ಸಣ್ಣಕೆ ನೊರೆ ಬಂದಿತ್ತು. ಮಾಣಿ ಎನ್ನ ಮೋರೆ ನೋಡಿದ°.

"ಬಾಳೆ ಬುಡಕ್ಕೆ ಎರದಿಕ್ಕು ಮಗಾ," ಹೇಳಿತ್ತು ಅಬ್ಬೆ. "ನಮ್ಮದು ಉದಿಯಪ್ಪಗಾಣದ್ದು ಮಾಂತ್ರ. ನಾಳಂಗೆ ಪುನಃ ಹೆರ್ಕುವೊ°."