ನಾಗಮಂಗಲದ ಇಬ್ಬರು ಮತ್ತು ದೇವರ ಮುಖಗಳು

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದಿತು. ಟಿಪ್ಪು ಸುಲ್ತಾನನು ಕಾಳಗದಲ್ಲೇ ಮಡಿದನು. ಹುಲಿಮುಖಗಳಿಂದ ಮೆರೆಯುತ್ತಿದ್ದ ಅವನ ಸಿಂಹಾಸನವನ್ನು ಗೆದ್ದವರು ತುಂಡರಿಸಿ ಹಂಚಿಕೊಂಡರು. ಅದರ ದೊಡ್ಡ ಹುಲಿಯ ತಲೆಯೂ ರತ್ನ ಕೆತ್ತಿದ ಹುಮಾ ಪಕ್ಷಿಯೂ ಕಾಲಕ್ರಮದಲ್ಲಿ ಇಂಗ್ಲೆಂಡಿನ ದೊರೆಗಳ ವಿಂಡ್ಸರ್ ಅರಮನೆ ಸೇರಿದವು. ವಾದ್ಯಗಳ ಕೋಣೆಯಲ್ಲಿ ಸಿಕ್ಕ, ಬಿಳಿಯ ಸಿಪಾಯಿಯನ್ನು ಕೆಡವಿ ಗರ್ಜಿಸುವ ಮರದ ಹುಲಿ ಹಡಗೇರಿತು. 1808ರ ಹೊತ್ತಿಗೆ ಅದು ಲಂಡನ್ನಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ಜನರ ನೋಟಕ್ಕೆ ನಿಂತಿತ್ತು. ಈಗಲೂ ಅದೇ ನಗರದ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಟಿಪ್ಪುವಿನ ಕಡೆಯ ಫ್ರೆಂಚರು ಬೀಡುಬಿಟ್ಟಿದ್ದ ಹಿರೋಡೆ, ಅಂದರೆ ಇಂದಿನ ಪಾಂಡವಪುರ, ಇಂಗ್ಲಿಷರ ಕಾಗದಪತ್ರಗಳಲ್ಲಿ ಫ್ರೆಂಚ್ ರಾಕ್ಸ್ ಎಂದೇ ಉಳಿಯಿತು. ಹೀಗೆ ಆ ಸೀಮೆಯ ಸಿರಿಯೂ ಹೆಸರೂ ಪರರ ಕೈಸೇರಿದವು.

ಸುಮಾರು ನೂರು ವರ್ಷಗಳ ಬಳಿಕ ಆಫ್ರಿಕಾದ ಬೆನಿನ್ ಪಟ್ಟಣಕ್ಕೂ ಇದೇ ಗತಿ ಬಂತು. 1897ರ ಫೆಬ್ರುವರಿಯಲ್ಲಿ ಬ್ರಿಟಿಷ್ ಪಡೆ ಅರಮನೆಗೆ ನುಗ್ಗಿ, ಪೂರ್ವಿಕ ದೊರೆಗಳ ನೆನಪಿಗೆ ಪೂಜಾವೇದಿಕೆಯ ಮೇಲೆ ಇಟ್ಟಿದ್ದ ಹಿತ್ತಾಳೆಯ ತಲೆಗಳನ್ನೂ ದಂತದ ಕೆತ್ತನೆಗಳನ್ನೂ ಹೊತ್ತೊಯ್ದಿತು. ಅವು ಯುರೋಪಿನ ಪೇಟೆಗಳಲ್ಲಿ ಬಿಕರಿಯಾದವು. 1907ರಲ್ಲಿ ಪ್ಯಾರಿಸ್ಸಿನ ಟ್ರೊಕಾಡೆರೊ ಮ್ಯೂಸಿಯಂನಲ್ಲಿ ಆಫ್ರಿಕಾದ ಮುಖವಾಡಗಳನ್ನು ಕಂಡು ಪಿಕಾಸೊ ಬೆರಗಾದನು. ಅಲ್ಲಿಂದ ಮುಂದೆ ಅಂಥ ಮುಖಗಳಿಗೆ ಬೆಲೆ ಏರುತ್ತಲೇ ಹೋಯಿತು. ಆದರೆ ಯಾವ ಹಬ್ಬದಲ್ಲಿ, ಯಾರ ಹೆಗಲ ಮೇಲೆ, ಯಾವ ವಾದ್ಯಕ್ಕೆ ಆ ಮುಖ ಕುಣಿಯುತ್ತಿತ್ತು ಎಂಬುದನ್ನು ಕೊಂಡವರಲ್ಲಿ ಬಹುಪಾಲು ಜನ ಕೇಳಲಿಲ್ಲ. ಕೊಳ್ಳೆಗಿಂತ ದೊಡ್ಡ ನಷ್ಟ ಇದೇ ಎಂದು ನಾನು ತಿಳಿಯುತ್ತೇನೆ.

ನಮ್ಮ ಸೀಮೆಯಲ್ಲೂ ಮರದಲ್ಲಿ ಕೆತ್ತಿದ ದೇವರ ಮುಖಗಳುಂಟು. ಮಂಡ್ಯ, ಹಾಸನ, ತುಮಕೂರು ಕಡೆಗಳಲ್ಲಿ ಅವಕ್ಕೆ ಸೋಮ ಎಂದೇ ಹೆಸರು. ಸೋಮಗಳು ಗ್ರಾಮದೇವತೆಯ ಕಾವಲಿನವರು. ಅಮ್ಮನ ಉತ್ಸವ ಹೊರಟಾಗ ಮುಂದೆ ಕುಣಿದು ದಾರಿ ಮಾಡುವವರು. ಗುಡ್ಡೆಯಂತೆ ಹೊರಬಂದ ಕಣ್ಣು, ತಿದ್ದಿದ ಮೀಸೆ, ಬಿಟ್ಟ ಹಲ್ಲು. ಒಂದಕ್ಕೆ ಕೆಂಪು ಬಣ್ಣವಾದರೆ ಇನ್ನೊಂದಕ್ಕೆ ಹಳದಿ, ಮತ್ತೆ ಕೆಲವೆಡೆ ಕಪ್ಪು. ಕೆಂಪಿನವನು ಶಾಂತ, ಉಳಿದವರು ಉಗ್ರರು. ತಲೆಗೆ ಹೂವು, ಬೇವಿನ ಸೊಪ್ಪು, ಬಣ್ಣದ ಬಟ್ಟೆಯ ಪಟ್ಟಿಗಳು. ಕೈಯಲ್ಲಿ ಬೆತ್ತ, ನವಿಲುಗರಿ. ಅರೆ, ದೋಣು, ಮೌರಿ, ಸದ್ದೆ ವಾದ್ಯಗಳು ಮೊಳಗಬೇಕು. ಹೆಚ್ಚಾಗಿ ಗಂಗೆಮತಸ್ಥರು ಸೋಮನ ಮುಖವನ್ನು ಹೊತ್ತು ಕುಣಿಯುತ್ತಾರೆ. ಮುಖ ಏರಿಸುವ ಮುನ್ನ ಕೋಳಿ ಕೊಯ್ದು ಅದಕ್ಕೆ ಸಲ್ಲಬೇಕಾದ್ದನ್ನು ಸಲ್ಲಿಸುತ್ತಾರೆ. ಶಿವರಾತ್ರಿ, ಯುಗಾದಿ ಕಳೆದು ಮಳೆ ಬೀಳುವುದರೊಳಗೆ ಈ ಕುಣಿತಗಳ ಕಾಲ.

ಇಂಥ ಮುಖವನ್ನು ಊರಿನವರಿಂದ ಪಡೆಯುವುದು ಸುಲಭದ ಮಾತಲ್ಲ. ಕಾಸು ಚೆಲ್ಲಿದರೆ ದೇವರನ್ನು ಯಾರು ಕೊಟ್ಟಾರು? ಆದರೆ ಮುಕ್ಕಾದ ಮೂರ್ತಿಗೆ ಪೂಜೆಯಿಲ್ಲ, ಅದನ್ನು ಹೊಳೆಗೆ ಬಿಡಬೇಕು ಎಂಬುದೂ ನಮ್ಮಲ್ಲಿ ರೂಢಿ. ಮರವಾದರೆ ಗೆದ್ದಲು ಬೇರೆ. ಗುಡಿಗೂ ಹೊಳೆಗೂ ನಡುವಿನ ಆ ಹೊತ್ತಿನಲ್ಲಿ, ಊರಿನ ಮರ್ಯಾದೆ ಬಲ್ಲ ಒಬ್ಬನು ಬಂದು ಕೈಮುಗಿದು ಕೇಳಬೇಕು.

ನಾಗಮಂಗಲ ಸೀಮೆ ಅಂಥ ಇಬ್ಬರನ್ನು ಹೆತ್ತಿತು. ಹೆರಗನಹಳ್ಳಿಯಲ್ಲಿ 1915ರಲ್ಲಿ ಎಚ್.ಎಲ್. ನಾಗೇಗೌಡರು, ಅಂಬಲಜೀರಹಳ್ಳಿಯಲ್ಲಿ 1933ರಲ್ಲಿ ಜೀ.ಶಂ. ಪರಮಶಿವಯ್ಯನವರು. ಜೀ.ಶಂ.ಪ. ಮೇಷ್ಟ್ರು ಮೈಸೂರು ವಿಶ್ವವಿದ್ಯಾನಿಲಯ ಸೇರಿದರು. ದಕ್ಷಿಣ ಕರ್ನಾಟಕದ ಜನಪದ ಕಾವ್ಯಪ್ರಕಾರಗಳನ್ನು ಕುರಿತು ಸಂಶೋಧನೆ ನಡೆಸಿ, ನೀಲಗಾರರು, ದೇವರಗುಡ್ಡರಂಥ ಹಾಡುಗಾರರ ಬಾಯಿಂದ ಬಂದುದನ್ನು ಪಾಂಡಿತ್ಯದ ಪಂಕ್ತಿಯಲ್ಲಿ ಕೂರಿಸಿದರು. ಕುಲಪತಿಯಾಗಿದ್ದ ದೇ. ಜವರೇಗೌಡರ ಬೆಂಬಲದಲ್ಲಿ, ಕಲಾವಿದ ಪಿ.ಆರ್. ತಿಪ್ಪೇಸ್ವಾಮಿಯವರ ದುಡಿಮೆಯಲ್ಲಿ ಆ ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸ ಅರಮನೆ ಜಾನಪದ ವಸ್ತುಸಂಗ್ರಹಾಲಯವಾಯಿತು. ರಾಜಕುಮಾರಿಗಾಗಿ ಕಟ್ಟಿದ ಆ ಸೌಧದೊಳಕ್ಕೆ ಸೋಮಗಳು, ಊರಮ್ಮಗಳು, ಬೊಂಬೆಗಳು, ನೇಗಿಲು ನೊಗಗಳು ಬಂದು ನೆಲೆಸಿದವು. ಹಳ್ಳಿಯ ದೇವರು ಅರಮನೆ ಹೊಕ್ಕದ್ದು ನಮ್ಮ ಕಾಲದ ಒಂದು ದೊಡ್ಡ ಸಂಗತಿ. ಅದಕ್ಕೆ ತಕ್ಕ ಗೌರವ ಇನ್ನೂ ಸಂದಿಲ್ಲ.

ನಾಗೇಗೌಡರ ದಾರಿ ಬೇರೆ. ಅವರು ಆಡಳಿತಗಾರರು, ಜಿಲ್ಲಾಧಿಕಾರಿಗಳಾಗಿ ನಾಡು ಸುತ್ತಿದವರು. ಕಂದಾಯದ ಕೆಲಸಕ್ಕೆ ಹೋದ ಊರಿನಲ್ಲೇ ಹಾಡು ಕೇಳಿ ಬರೆದುಕೊಂಡರು; 'ಸೋಬಾನೆ ಚಿಕ್ಕಮ್ಮನ ಪದಗಳು' ಹೊರಬಂದದ್ದು ಆ ಕಿವಿಯ ಫಲ. ನಿವೃತ್ತರಾದ ಮೇಲೆ ವಿರಮಿಸಲಿಲ್ಲ. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿದರು. ರಾಮನಗರದ ಬಳಿ, ಬೆಂಗಳೂರು–ಮೈಸೂರು ಹೆದ್ದಾರಿಯ ಅಂಚಿನ 15 ಎಕರೆಯಲ್ಲಿ ಜಾನಪದ ಲೋಕವನ್ನು ನಿಲ್ಲಿಸಿ, 1994ರಲ್ಲಿ ನಾಡಿಗೆ ತೆರೆದರು. ಅಲ್ಲಿನ ಲೋಕಮಾತಾ ಮಂದಿರದಲ್ಲಿ ಅಡುಗೆಮನೆಯ ಮಡಕೆ ಕುಡಿಕೆಗಳಿವೆ; ಲೋಕಮಹಲಿನಲ್ಲಿ ಮುಖವಾಡ, ಬೊಂಬೆ, ವೇಷಭೂಷಣಗಳಿವೆ. ತಾವು ಕೂಡಿಟ್ಟದ್ದಕ್ಕೆ ಅವರು ಹಾಡನ್ನೂ ಕೂಡಿಸಿದರು. ಧ್ವನಿಸುರುಳಿಗಳಲ್ಲಿ, ಚಲಿಸುವ ಚಿತ್ರಗಳಲ್ಲಿ ಕುಣಿತವನ್ನೂ ಕುಣಿದವರನ್ನೂ ಹಿಡಿದಿಡಿಸಿದರು. ಟ್ರೊಕಾಡೆರೊದ ಗಾಜಿನ ಹಿಂದೆ ಮೂಕವಾಗಿ ನಿಂತ ಮುಖಗಳಿಗೆ ಸಿಗದ ಭಾಗ್ಯ ಇದು.

ಆದರೂ ಒಂದು ಮಾತು ಹೇಳಲೇಬೇಕು. ಮ್ಯೂಸಿಯಂ ಸೇರಿದ ಸೋಮನಿಗೆ ಕೋಳಿಯಿಲ್ಲ, ಬೇವಿನ ಸೊಪ್ಪಿಲ್ಲ, ಅರೆ ಬಡಿಯುವ ಕೈಯಿಲ್ಲ. ನೋಡುವವರು ಚಪ್ಪಲಿ ಮೆಟ್ಟಿಯೇ ಎದುರು ನಿಲ್ಲುತ್ತಾರೆ. ಈ ಕೊರತೆಯನ್ನು ಯಾವ ಫಲಕವೂ ತುಂಬಲಾರದು. ನಾಗೇಗೌಡರು ಇದನ್ನು ಬಲ್ಲವರೆಂದೇ ನನ್ನ ಎಣಿಕೆ. ಏಕೆಂದರೆ ಅವರು ವಸ್ತು ಕೂಡಿಟ್ಟು ಸುಮ್ಮನಾಗದೆ, ವರ್ಷ ವರ್ಷ ಲೋಕೋತ್ಸವ ಏರ್ಪಡಿಸಿ, ಹಳ್ಳಿಗಳ ಕಲಾವಿದರನ್ನೇ ಕರೆಸಿ ಬಯಲಿನಲ್ಲಿ ಕುಣಿಸಿದರು, ಪ್ರಶಸ್ತಿಯಿತ್ತು ಸನ್ಮಾನಿಸಿದರು. 2005ರಲ್ಲಿ ಅವರು ತೀರಿಕೊಂಡರು, ಜೀ.ಶಂ.ಪ. ಅದಕ್ಕೂ ಹತ್ತು ವರ್ಷ ಮೊದಲೇ ಹೋಗಿದ್ದರು. ಲೋಕೋತ್ಸವ ನಿಂತಿಲ್ಲ. ಕುಣಿಯಲು ಬರುವ ಸೋಮಗಳು ಗಾಜಿನ ಪೆಟ್ಟಿಗೆಯಿಂದ ಇಳಿದವಲ್ಲ, ಊರಿನ ಗುಡಿಯಿಂದ ಹೊರಟು, ಕುಣಿತ ಮುಗಿದ ಮೇಲೆ ಅದೇ ಗುಡಿಗೆ ಮರಳುವವು.