ಡೋಂಗ್ಮೊ: ಬೆಣ್ಣೆ ಚಹಾ ಕಡೆಯುವ ಕೊಳವೆ

ಟಿಬೆಟಿಯನ್ ಅಡುಗೆಮನೆಯ ಸಾಧನ. ಮರ, ಹಿತ್ತಾಳೆ ಪಟ್ಟಿ. 20ನೇ ಶತಮಾನ.

ಚಹಾದ ಇಟ್ಟಿಗೆಯಿಂದ ಮುರಿದ ಚೂರನ್ನು ಬಹಳ ಹೊತ್ತು ಕುದಿಸಿ ಸೋಸಿ, ಬೆಣ್ಣೆ ಮತ್ತು ಉಪ್ಪಿನೊಂದಿಗೆ ಈ ಕೊಳವೆಗೆ ಸುರಿಯುತ್ತಾರೆ. ನಮ್ಮ ಕಡೆಗೋಲಿನ ಹಾಗೆ ತಿರುಗಿಸುವುದಿಲ್ಲ. ಕೋಲನ್ನು ಮೇಲಕ್ಕೂ ಕೆಳಕ್ಕೂ ಆಡಿಸಬೇಕು. ಕೋಲಿನ ತುದಿಯ ಮರದ ಬಿಲ್ಲೆಯನ್ನು ಗಮನಿಸಿ. ಅದರಲ್ಲಿರುವ ತೂತುಗಳ ಮೂಲಕ ಚಹಾ ಮತ್ತೆ ಮತ್ತೆ ಹಾಯುವುದರಿಂದಲೇ ಬೆಣ್ಣೆ ಮೇಲೆ ತೇಲದೆ ಚಹಾದಲ್ಲಿ ಬೆರೆಯುತ್ತದೆ.

1959ರಲ್ಲಿ ದಲೈ ಲಾಮಾ ಅವರ ಹಿಂದೆಯೇ ಸಾವಿರಾರು ಟಿಬೆಟಿಯನ್ನರು ಹಿಮಾಲಯ ದಾಟಿ ಭಾರತಕ್ಕೆ ಬಂದರು. ಮೈಸೂರು ರಾಜ್ಯ ಸರ್ಕಾರ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಿತು. ಮೊದಲು ಬಂದವರು ಅಲ್ಲಿ ಕಾಡು ಕಡಿದು ಹೊಲ ಮಾಡಿದರು.

ಊರಿನ ರುಚಿಯನ್ನು ಅಲ್ಲಿ ಉಳಿಸಿಕೊಳ್ಳುವುದು ಸುಲಭವಿರಲಿಲ್ಲ. ಟಿಬೆಟ್ಟಿನಲ್ಲಿ ಬೆಣ್ಣೆ ಹೆಚ್ಚಾಗಿ ಹೆಣ್ಣು ಯಾಕ್‌ನ ಹಾಲಿನದು. ಹುರಿದ ಬಾರ್ಲಿ ಹಿಟ್ಟು, ಅಂದರೆ ತ್ಸಂಪಾವನ್ನು, ಇದೇ ಚಹಾದಲ್ಲಿ ಕಲಸಿ ಬೆರಳಲ್ಲೇ ನಾದಿ ಉಂಡೆ ಮಾಡಿ ತಿನ್ನುತ್ತಾರೆ. ಬೈಲಕುಪ್ಪೆಯ ಬಿಸಿಲಿಗೆ ಯಾಕ್ ಬಾಳುವುದಿಲ್ಲ. ಹೊಲಗಳಿಗೆ ಒಗ್ಗಿದ್ದು ಮುಸುಕಿನ ಜೋಳ. ಹಸುವಿನ ಬೆಣ್ಣೆಯಲ್ಲೇ ಚಹಾ ಕಡೆದರು. ಟಿಬೆಟ್ಟನ್ನು ಕಾಣದೆ ಇಲ್ಲೇ ಹುಟ್ಟಿದ ಮಕ್ಕಳಿಗೆ ಅಜ್ಜಿಯ ಊರು ಮೊದಲು ಸಿಕ್ಕಿದ್ದು ಬಟ್ಟಲಿನ ಈ ಉಪ್ಪುಚಹಾದಲ್ಲಿ. ನಮ್ಮ ದೃಷ್ಟಿಯಲ್ಲಿ ಈ ಕೊಳವೆಯ ದೊಡ್ಡ ಮಹತ್ವ ಇದೇ.

ಈಗ ಅನೇಕ ಮನೆಗಳಲ್ಲಿ ಕಡೆಯುವ ಕೆಲಸ ಮಿಕ್ಸಿಯದು. ಅತಿಥಿಯ ಬಟ್ಟಲು ಬರಿದಾಗಲು ಬಿಡದೆ ತುಂಬುವ ಪದ್ಧತಿ ಮಾತ್ರ ಹಾಗೆಯೇ ಇದೆ.